ಖುರ್ಚಿ ಕರ್ಜಗಿಗೆ ಹೋದ ದಿನ

ನಮ್ಮ ಮನೆಯ ಗೋಡೆಯ ಮೇಲಿದ್ದ ಫೋಟೊಗಳಲ್ಲಿ ಯಾರು ಬದುಕಿದ್ದಾರೆ, ಯಾರು ತೀರಿಕೊಂಡಿದ್ದಾರೆ ಎಂಬುದು ಹೊಸದಾಗಿ ಬಂದವರಿಗೆ ತಿಳಿಯುತ್ತಿರಲಿಲ್ಲ. ಹಾರ ಹಾಕಿದ್ದರೆ ಸತ್ತವರು, ಹಾಕದಿದ್ದರೆ ಇನ್ನೂ ಇದ್ದವರು, ಅಷ್ಟೇ ಫರಕು. ಮುಖ ನೋಡಿ ಹೇಳುವ ಹಾಗಿರಲಿಲ್ಲ. ಎಲ್ಲರೂ ಒಂದೇ ಖುರ್ಚಿಯಲ್ಲಿ ಒಂದೇ ರೀತಿ ಕೈ ಚಾಚಿ ಕುಳಿತವರು. ಎಲ್ಲರ ತುಟಿಯೂ ಹೊಲಿದಿಟ್ಟಂತೆ ಮುಚ್ಚಿರುತ್ತಿತ್ತು. ಇವನ್ನೆಲ್ಲ ತೆಗೆದ ಮಹಾನುಭಾವ ನಮ್ಮ ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ. ಬ್ಯಾಡಗಿಯಲ್ಲಿ ಆತ ದೊಡ್ಡ ಫೋಟೊಗ್ರಾಫರ್ ಎಂದು ಹೆಸರಾಗಿದ್ದ. ಆ ಹೆಸರು ಹೇಗೆ ಬಂತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ. ಬೇರೆ ಯಾರೂ ಇರಲಿಲ್ಲ ಎಂಬುದು ಬಿಟ್ಟರೆ ಬೇರೆ ಉತ್ತರ ಸಿಕ್ಕಿಲ್ಲ.

ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ, ಅದರ ಹಿಂದೆ ಒಂದು ಪರದೆ, ಪರದೆಯ ಹಿಂದೆ ನಮ್ಮ ಸಂಸಾರ. ಗಿರಾಕಿ ಬಂದರೆ ಮನೆಯಲ್ಲಿ ಯಾರೂ ಒಗ್ಗರಣೆ ಹಾಕಬಾರದು, ರೊಟ್ಟಿ ತಟ್ಟಬಾರದು, ಜೋರಾಗಿ ಮಾತಾಡಬಾರದು. ರೊಟ್ಟಿ ತಟ್ಟುವ ಸಪ್ಪಳಕ್ಕೆ ಗಿರಾಕಿಯ ಮುಖದ ಗಾಂಭೀರ್ಯ ಹಾಳಾಗುತ್ತದಂತೆ! ನಮ್ಮ ಓಣಿಯ ಕೊನೆಗೇ ಮೆಣಸಿನಕಾಯಿ ಅಂಗಡಿಗಳಿದ್ದವು. ಸುಗ್ಗಿ ಬಂತೆಂದರೆ ಖಾರದ ಘಾಟು ಬಾಗಿಲು ಹಾಕಿದರೂ ಒಳಗೆ ಬರುತ್ತಿತ್ತು, ಖುರ್ಚಿಯಲ್ಲಿ ಕುಳಿತವರು ಸೀನುತ್ತಿದ್ದರು. ಅದಕ್ಕೆ ದೊಡ್ಡಪ್ಪ ಒಂದು ಉಪಾಯ ಕಂಡುಹಿಡಿದಿದ್ದ. ಕ್ಯಾಮೆರಾದ ಹಿಂದೆ ನಿಂತು, ಕೈ ಮೇಲೆತ್ತಿ, ಪೂಜಾರಿಯ ದನಿಯಲ್ಲಿ ಹೇಳುತ್ತಿದ್ದ:

“ಅಲುಗ್ಯಾಡಬ್ಯಾಡ್ರಿ. ಹಲ್ಲು ಕಾಣಬಾರದು. ಉಸಿರು ಹಿಡೀರಿ.”

ಜನ ಉಸಿರು ಹಿಡಿಯುತ್ತಿದ್ದರು. ಆತ ಕೈ ಇಳಿಸುವವರೆಗೂ ಬಿಡುತ್ತಿರಲಿಲ್ಲ. ಮದುಮಕ್ಕಳು, ವಕೀಲರು, ಗಲ್ಲಾದ ಮೇಲೆ ಕೂತು ಊರಿಗೇ ದರ ಹೇಳುವ ವ್ಯಾಪಾರಸ್ಥರು, ಎಲ್ಲರೂ ನೀರಲ್ಲಿ ಮುಳುಗಿದವರ ಹಾಗೆ ಗಲ್ಲ ಉಬ್ಬಿಸಿಕೊಂಡು ಕುಳಿತಿರುತ್ತಿದ್ದರು. ಸುಗ್ಗಿ ಮುಗಿದ ಮೇಲಾದರೂ ಈ ಪದ್ಧತಿ ಬಿಡಬಾರದೆ? ಬಿಡಲಿಲ್ಲ. ವರ್ಷವಿಡೀ ಉಸಿರು ಹಿಡಿಸಿದ. ದಸರೆಯ ಖಂಡೇಪೂಜೆಯ ದಿನ ಕ್ಯಾಮೆರಾಕ್ಕೆ ವಿಭೂತಿ ಬಳಿಯುವಾಗ ಲೆನ್ಸಿಗೂ ಬಳಿದುಬಿಡುತ್ತಿದ್ದ. ಆಮೇಲಿನ ಒಂದು ವಾರದ ಫೋಟೊಗಳಲ್ಲಿ ಇಡೀ ಊರಿಗೇ ಮಂಜು ಕವಿದಿರುತ್ತಿತ್ತು. ಗಿರಾಕಿಗಳು ಕೇಳಿದರೆ, ಅದು ದೇವರ ಕಳೆ ಎಂದು ಹೇಳಿ ಕಳಿಸುತ್ತಿದ್ದ, ಅವರು ನಂಬಿ ಹೋಗುತ್ತಿದ್ದರು.

ಖುರ್ಚಿಯ ವಿಷಯ ಹೇಳಲೇಬೇಕು. ತೇಗಿನ ಖುರ್ಚಿ, ಎತ್ತರದ ಬೆನ್ನು, ಎರಡೂ ಕಡೆ ಅಗಲವಾದ ಕೈ. ನಮ್ಮ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಕೂರಿಸುತ್ತಾರೆ. ಕೂರಿಸಿದ ಮೇಲೆ ಮನೆಮಂದಿಯೆಲ್ಲ ಸುತ್ತ ನಿಂತು ಕೊನೆಯದೊಂದು ಫೋಟೊ ತೆಗೆಸಿಕೊಳ್ಳುತ್ತಾರೆ. ಇದರಲ್ಲಿ ದೊಡ್ಡಪ್ಪನನ್ನು ಮೀರಿಸುವವರಿರಲಿಲ್ಲ. ಹೆಣ ವಾಲದೆ ನೆಟ್ಟಗೆ ಕೂರಲು ಇಂಥ ಖುರ್ಚಿಯೇ ಬೇಕು ಎಂದು, ಸುತ್ತಲಿನ ಯಾವ ಹಳ್ಳಿಯಿಂದ ಕರೆ ಬಂದರೂ ಖುರ್ಚಿಯನ್ನು ಬಸ್ಸಿನ ಟಾಪಿಗೆ ಹಗ್ಗದಿಂದ ಬಿಗಿಸಿಕೊಂಡು ಹೋಗುತ್ತಿದ್ದ. ಸಂಜೆ ಅದೇ ಖುರ್ಚಿ ತಿರುಗಿ ಸ್ಟುಡಿಯೊಕ್ಕೆ ಬರುತ್ತಿತ್ತು. ಒಂದು ಸಲ ಒರೆಸಿದರೆ ಆಯಿತು, ಮರುದಿನ ಅದರಲ್ಲಿ ಮದುಮಗಳು. ಊರಿನವರಿಗೆಲ್ಲ ಇದು ಗೊತ್ತಿತ್ತು. ಗೊತ್ತಿದ್ದೂ ಸಾಲುಗಟ್ಟಿ ಬಂದು ಕುಳಿತುಕೊಳ್ಳುತ್ತಿದ್ದರು. ದೊಡ್ಡಪ್ಪನ ಮೇಲೆ ನನಗೆ ಎಷ್ಟು ತಿರಸ್ಕಾರವೋ ಆ ಜನರ ಮೇಲೂ ಅಷ್ಟೇ.

ಅಪ್ಪ ದೊಡ್ಡಪ್ಪನ ಕೈಕೆಳಗೆ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುತ್ತಿದ್ದ. ಆ ಕೋಣೆಯಷ್ಟು ಅನುಕೂಲವಾದ ಜಾಗ ಹೇಡಿಗೆ ಬೇರೆಲ್ಲೂ ಸಿಗದು. ಮನೆಯಲ್ಲಿ ದನಿ ಏರಿತು ಅನ್ನುವಷ್ಟರಲ್ಲಿ ಒಳಗೆ ಹೋಗಿ ಅಗಳಿ ಹಾಕಿಕೊಂಡು, ಪೇಪರು ನೀರಿನಲ್ಲಿದೆ, ಯಾರೂ ಬಾಗಿಲು ತೆಗೆಯಬೇಡಿ ಎನ್ನುತ್ತಿದ್ದ. ಜಗಳ ಮುಗಿಯುವವರೆಗೂ ಆ ಪೇಪರು ನೀರಿನಿಂದ ಮೇಲೆ ಬರುತ್ತಿರಲಿಲ್ಲ. ಜಗಳಕ್ಕೆ ಕಾರಣ ಬಹಳ ಸಲ ಗಿರಿಜತ್ತಿಯ ನಗು. ಗಿರಿಜತ್ತಿ ಅಂದರೆ ಅಪ್ಪನ ತಂಗಿ, ಮದುವೆಯ ವಯಸ್ಸು ದಾಟುತ್ತಿದೆ ಎಂದು ಎಲ್ಲರೂ ಅವಳ ಮುಂದೆಯೇ ಮಾತಾಡಿಕೊಳ್ಳುತ್ತಿದ್ದ ಹುಡುಗಿ. ಅವಳಿಗೆ ನಗಲು ಕಾರಣವೇ ಬೇಕಿರಲಿಲ್ಲ. ಪರದೆಯ ಸಂದಿಯಿಂದ ಆ ಗಲ್ಲ ಉಬ್ಬಿಸಿದ ಮುಖಗಳನ್ನು ನೋಡಿದರೆ ಸಾಕು, ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ಅಲ್ಲಿ ಅವ್ವನನ್ನೂ ನಗಿಸುತ್ತಿದ್ದಳು. ಇಬ್ಬರೂ ಹಿಟ್ಟಿನ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಾಗ ಹೊರಗಿನಿಂದ ದೊಡ್ಡಪ್ಪನ ಕೆಮ್ಮು ಬರುತ್ತಿತ್ತು. ಗಿರಾಕಿ ಹೋದ ಮೇಲೆ ಬೈಗುಳ. ಹೆಣ್ಣುಮಕ್ಕಳ ನಗು ಮನೆಯ ಮರ್ಯಾದೆ ತೆಗೆಯುತ್ತದೆ ಎಂದು ಆತ ಊಟಕ್ಕೆ ಕೂತಾಗ ಹೇಳುತ್ತಿದ್ದ. ಅದೂ ಬಾಯಲ್ಲಿ ರೊಟ್ಟಿ ಇಟ್ಟುಕೊಂಡು, ಪುಂಡಿಪಲ್ಲೆ ಗಲ್ಲಕ್ಕೆ ಹತ್ತಿಸಿಕೊಂಡು.

ಆ ಹೊತ್ತಿಗೆ ಮನೆಗೆ ಹೊಸ ಕ್ಯಾಮೆರಾ, ಅದರ ಜೊತೆಗೊಂದು ಫ್ಲ್ಯಾಶ್ ಬಂದಿತ್ತು. ಒತ್ತಿದರೆ ಕಣ್ಣು ಕೋರೈಸುವ ಬೆಳಕು, ಆಮೇಲೆ ಕುಂಯ್ ಎಂದು ಸಣ್ಣಗೆ ಅಳುತ್ತ ಮತ್ತೆ ತುಂಬಿಕೊಳ್ಳುವುದು. ಹಳೆಯ ಬಲ್ಬುಗಳ ಕಾಲದಲ್ಲಿ ಅಲುಗಾಡಿದರೆ ಫೋಟೊ ಕದಡುತ್ತಿತ್ತು, ಅದಕ್ಕೇ ಅಲುಗಾಡಬೇಡಿ ಅನ್ನುವುದು ಇತ್ತು. ಫ್ಲ್ಯಾಶ್ ಬಂದ ಮೇಲೆ ಅದರ ಅಗತ್ಯವೇ ಇರಲಿಲ್ಲ. ಇದು ನಮಗೆ ತಿಳಿದದ್ದು ಬೆಕ್ಕಿನಿಂದ. ಕಾಗಿನೆಲೆಯ ಒಂದು ಕುಟುಂಬ ಉಸಿರು ಹಿಡಿದು ನಿಂತಿದ್ದಾಗ ನಮ್ಮ ಮನೆಯ ಬೆಕ್ಕು ಕಪಾಟಿನ ಮೇಲಿಂದ ನೆಗೆಯಿತು, ಅದೇ ಕ್ಷಣಕ್ಕೆ ಫ್ಲ್ಯಾಶ್ ಹೊಡೆಯಿತು. ಅಪ್ಪ ತೊಳೆದು ತಂದ ಫೋಟೊದಲ್ಲಿ ಬೆಕ್ಕು ಗಾಳಿಯಲ್ಲಿ ನಿಂತಿತ್ತು, ಒಂದೊಂದು ಮೀಸೆಯೂ ಎಣಿಸುವಷ್ಟು ಸ್ಪಷ್ಟ. ಆ ಚಿತ್ರದಲ್ಲಿ ಜೀವವಿದ್ದದ್ದು ಅದೊಂದಕ್ಕೇ. ದೊಡ್ಡಪ್ಪ ಫೋಟೊ ಕೆಟ್ಟಿತೆಂದು ಬಿಸಾಡಿ ಬೆಕ್ಕಿಗೆ ಚಪ್ಪಲಿ ಎಸೆದ. ಗಿರಿಜತ್ತಿ ಅದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು, ಆಮೇಲೆ ಬೇಳೆ ಡಬ್ಬಿಯ ಹಿಂದೆ ಬಚ್ಚಿಟ್ಟಳು. ದೊಡ್ಡಪ್ಪನಿಗೆ ಆ ಬೆಕ್ಕಿನಿಂದ ಏನೂ ಹೊಳೆಯಲಿಲ್ಲ. ನೆಗೆಯುವುದನ್ನೂ ಹಿಡಿಯಬಲ್ಲ ದೀಪವನ್ನು ತೆಗೆದುಕೊಂಡು ಹೋಗಿ ಹೆಣಗಳ ಮೇಲೆ ಹೊಡೆಯುತ್ತಿದ್ದ.

ಅದೇ ಚಳಿಗಾಲ ಗಿರಿಜತ್ತಿಗೆ ರಾಣೆಬೆನ್ನೂರಿನಿಂದ ಸಂಬಂಧ ಬಂತು. ಬೀಜದ ಅಂಗಡಿಯ ಮಾಲಕ, ಹೆಂಡತಿ ತೀರಿ ವರ್ಷ ತುಂಬುತ್ತಿತ್ತು. ಆ ಹೆಂಡತಿಯ ಕೊನೆಯ ಫೋಟೊ ತೆಗೆದವನೂ ನಮ್ಮ ದೊಡ್ಡಪ್ಪನೇ, ಖುರ್ಚಿಯೂ ಇದೇ. ಕನ್ಯೆಯ ಫೋಟೊ ಬೇಕು ಎಂದು ಕುಪ್ಪೇಲೂರಿನ ಮಧ್ಯಸ್ಥ ಬಂದು ಕುಳಿತ. ದೊಡ್ಡಪ್ಪ ಗಿರಿಜತ್ತಿಗೆ ಪೌಡರ್ ಬಳಿಸಿ ಖುರ್ಚಿಯಲ್ಲಿ ಕೂರಿಸಿದ. ಕಣ್ಣು ಕೆಳಗಿರಲಿ, ಹೆಣ್ಣುಮಕ್ಕಳ ಕಣ್ಣು ಎದುರಿಗಿನವರನ್ನು ತಿನ್ನುವ ಹಾಗಿರಬಾರದು ಎಂದ. ಉಸಿರು ಹಿಡಿಸಿದ. ಫೋಟೊ ಬಂದಾಗ ಪೌಡರಿನ ಮೇಲೆ ಫ್ಲ್ಯಾಶ್ ಬಿದ್ದು ಮುಖವೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು, ಕಣ್ಣು ಮುಚ್ಚಿದಂತೆಯೇ ಇತ್ತು. ಬಹಳ ಸಾತ್ವಿಕವಾಗಿ ಬಂದಿದೆ ಎಂದು ದೊಡ್ಡಪ್ಪ ತನ್ನನ್ನು ತಾನೇ ಹೊಗಳಿಕೊಂಡ. ವರ್ಷದ ಪೂಜೆಗೆಂದು ಆ ಮನೆಯವರು ತೀರಿಹೋದವಳ ಫೋಟೊ ದೊಡ್ಡದು ಮಾಡಿಕೊಡಲು ಹೇಳಿದ್ದರು. ಅದೂ ತಯಾರಾಗಿತ್ತು. ಎರಡು ಕಟ್ಟು ಯಾಕೆ ಎಂದು ಸತ್ತವಳದನ್ನೂ ಗಿರಿಜತ್ತಿಯದನ್ನೂ ಒಂದೇ ಅಳತೆಗೆ ಮಾಡಿ, ಒಂದೇ ಹಳೆ ಪೇಪರಿನಲ್ಲಿ ಸುತ್ತಿ ಮಧ್ಯಸ್ಥನ ಕೈಗೆ ಕೊಟ್ಟ.

ಸ್ವಲ್ಪ ದಿನಕ್ಕೆ ನಾವು ವರನ ಮನೆ ನೋಡಲು ಹೋದೆವು. ದೊಡ್ಡಪ್ಪ, ಅವ್ವ, ಅವ್ವನ ಸೆರಗು ಹಿಡಿದು ನಾನು. ಉಪ್ಪಿಟ್ಟು ಕೊಟ್ಟರು, ಚಹಾ ಕೊಟ್ಟರು. ದೊಡ್ಡಪ್ಪ ಮನೆಯ ತೊಲೆಗಳನ್ನು ಹೊಗಳುತ್ತ ಕುಳಿತಿದ್ದ. ನಾನು ತಲೆ ಎತ್ತಿದೆ. ದೇವರ ಕೋಣೆಯ ಬಾಗಿಲ ಮೇಲೆ, ಕಟ್ಟು ಹಾಕಿಸಿದ ಎರಡು ಫೋಟೊ. ಒಂದು ಆ ಮನೆಯ ಸತ್ತ ಸೊಸೆಯದು. ಅದರ ಪಕ್ಕದಲ್ಲಿ ನಮ್ಮ ಗಿರಿಜತ್ತಿ. ಗಾಜಿನ ಮೇಲೆ ವಿಭೂತಿ, ಮುಂದೆ ಊದಿನಕಡ್ಡಿ, ಕೊರಳಿಗೆ ಗಂಧದ ಚಕ್ಕೆಯ ಹಾರ. ನಾನು ಅವ್ವನನ್ನು ತಿವಿದೆ. ಅವ್ವ ಚಹಾ ಕೆಳಗಿಟ್ಟು ತಲೆ ಎತ್ತಿದಳು. ವರನ ತಾಯಿ, ಕಣ್ಣು ಮಂಜಾದ ಮುದುಕಿ, ನಾವು ನೋಡುತ್ತಿದ್ದುದನ್ನು ಕಂಡು ತಾನೇ ಹೇಳಿದಳು:

“ಎರಡೂ ಭಾಳ ಚಲೋ ಬಂದಾವ್ರಿ. ಒಂದ ಬರತೈತಿ ಅನ್ಕೊಂಡಿದ್ದೆ, ಸೀರಿ ಬ್ಯಾರೆ ಮಾಡಿ ಎರಡು ಕಳಿಸೀರಿ. ಸೊಸಿ ಎದುರಿಗೇ ಕುಂತಂಗ ಆಗತೈತಿ.”

ಮುದುಕಿಯದೇನೂ ತಪ್ಪಿಲ್ಲ. ಅದೇ ಖುರ್ಚಿ, ಅದೇ ಮುಚ್ಚಿದ ಕಣ್ಣು, ಅದೇ ಬೂದಿ ಮುಖ. ಮಗ ಅಂಗಡಿ ಬಿಟ್ಟು ತಲೆ ಎತ್ತಿ ನೋಡಿದವನೇ ಅಲ್ಲ, ಅವನಿಗೂ ಗೊತ್ತಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಎದ್ದು ಬರುತ್ತಿದ್ದರು. ನಮ್ಮ ದೊಡ್ಡಪ್ಪ ಸ್ಟೂಲು ತರಿಸಿ, ತಾನೇ ಹತ್ತಿ, ಫೋಟೊ ಇಳಿಸಿದ. ಇದು ನಮ್ಮ ತಂಗಿರಿ, ಜೀವಂತ ಅದಾಳ, ಹಾರ ತಗದ್ರ ಆತು ಎಂದ. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು, ಆ ಹಾರ ಮನೆಯಲ್ಲಿ ಬೇಡ, ಒಯ್ಯಿರಿ ಎಂದು ಒಳಗಿನಿಂದಲೇ ಹೇಳಿದಳು. ಗಂಧದ ಹಾರ, ದಂಧೆಗೆ ಬರುತ್ತದೆ ಎಂದು ದೊಡ್ಡಪ್ಪ ಅದನ್ನು ಮಡಚಿ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡ. ಆಮೇಲೆ ಕೂತು ಮದುವೆಯ ತಿಥಿಯ ಮಾತು ತೆಗೆದ. ಥೂ! ಅಲ್ಲೇ ಇದ್ದ ವರ, ಇನ್ನೊಂದು ಫೋಟೊ ಕಳಿಸಿ, ಸ್ವಲ್ಪ ಲವಲವಿಕೆ ಇರಲಿ, ನೋಡಿ ಒಪ್ಪಿಗೆ ಹೇಳುತ್ತೇವೆ ಎಂದ. ತಿರುಗಿ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಹೇಳಿದ್ದು ಒಂದೇ ಮಾತು, ಮನೆಯಲ್ಲಿ ಇದರ ಸುದ್ದಿ ಎತ್ತಬಾರದು.

ಅವ್ವ ಎತ್ತಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ನಾನು ಎತ್ತಿದೆ. ಗಿರಿಜತ್ತಿ, ನಿನ್ನ ಫೋಟೊಕ್ಕೆ ಅವರು ಹಾರ ಹಾಕಿದ್ದರು ಎಂದೆ. ಹುಡುಗಿ ಸುಳ್ಳು ಹೇಳುತ್ತದೆ ಎಂದ ದೊಡ್ಡಪ್ಪ. ಅವ್ವ ನಾನು ಕೇಳದಿದ್ದರೂ ನನ್ನ ತಾಟಿಗೆ ತುಪ್ಪ ಹಾಕಿದಳು. ಗಿರಿಜತ್ತಿ ಎದ್ದು ಮುಂದಿನ ಕೋಣೆಗೆ ಹೋದಳು, ಕ್ಯಾಮೆರಾ ಚೀಲಕ್ಕೆ ಕೈ ಹಾಕಿದಳು, ಹಾರ ಹಿಡಿದುಕೊಂಡು ಬಂದಳು. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಮೊದಲು ನಕ್ಕಳು ಕೂಡ, ಅಭ್ಯಾಸ. ಆಮೇಲೆ ಹಾರವನ್ನು ದೊಡ್ಡಪ್ಪನ ತಾಟಿನ ಮುಂದೆ ಹಿಡಿದಳು.

“ಅಣ್ಣಾ, ಇದನ್ನ ಎಲ್ಲಿಂದ ತಗದಿ?”

ದೊಡ್ಡಪ್ಪ ಮಜ್ಜಿಗೆ ಸುರಿದುಕೊಳ್ಳುತ್ತಿದ್ದ. ಅಪ್ಪ ಊಟ ಬಿಟ್ಟು ಎದ್ದು ಕತ್ತಲೆ ಕೋಣೆಯ ಕಡೆ ಹೊರಟಿದ್ದ.

“ನಾ ಇನ್ನ ಆ ಖುರ್ಚ್ಯಾಗ ಕುಂದ್ರಂಗಿಲ್ಲ. ಆ ಮನಿಗೂ ಹೋಗಂಗಿಲ್ಲ. ಹೋದ್ರ ನಾ ಆಕಿ ಬಾಜೂಕ ಗ್ವಾಡಿ ಮ್ಯಾಲೆ ಇರಾಕಿನ.”

“ಮಾತು ಕೊಟ್ಟೇನಿ. ಸೋಮವಾರ ಫೋಟೊ ಹೋಗತೈತಿ. ಮುಗೀತು,” ಎಂದ ದೊಡ್ಡಪ್ಪ.

ಗಿರಿಜತ್ತಿ ಹಾರವನ್ನು ಖುರ್ಚಿಯ ಬೆನ್ನಿಗೆ ತೂಗುಹಾಕಿದಳು, ಅವತ್ತು ಅದನ್ನು ತೆಗೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಆ ರಾತ್ರಿ ನಾನು ಅವಳ ಪಕ್ಕದಲ್ಲಿ ಮಲಗಿದ್ದೆ. ಅವಳಿಗೆ ಹೆದರಿಕೆಯಾಗಿತ್ತು. ಮೈ ಬಿಸಿಯಿದ್ದರೂ ನನ್ನ ಕೌದಿಯನ್ನೂ ಎಳೆದು ಹೊದ್ದುಕೊಂಡಳು. ನನಗೆ ಆ ಮನೆಯ ಗಂಡಸರ ಮೇಲಿನ ಗೌರವ ಪೂರಾ ಹೋದದ್ದು ಅವತ್ತೇ. ಹೋದದ್ದು ತಿರುಗಿ ಬರಲಿಲ್ಲ, ಬರಲೆಂದು ನಾನೂ ಬಯಸಲಿಲ್ಲ.

ಸೋಮವಾರ ಬೆಳಿಗ್ಗೆ ಕರ್ಜಗಿಯಿಂದ ಕರೆ ಬಂತು, ಅಲ್ಲಿ ಒಬ್ಬ ಗೌಡರು ತೀರಿಕೊಂಡಿದ್ದರು. ದೊಡ್ಡಪ್ಪನಿಗೆ ಗಿರಿಜತ್ತಿಯ ಫೋಟೊಕ್ಕಿಂತ ಗೌಡರ ಹೆಣ ದೊಡ್ಡದು. ಹಾರವನ್ನು ಬಿಚ್ಚಿ ಗೂಟಕ್ಕೆ ಹಾಕಿ, ಖುರ್ಚಿ ಕಟ್ಟಿಸಿಕೊಂಡು ಬಸ್ಸು ಹತ್ತಿದ. ಹಳೆಯ ಕ್ಯಾಮೆರಾ ತಾನು ಒಯ್ದ, ಫ್ಲ್ಯಾಶ್ ಮತ್ತು ಹೊಸ ಕ್ಯಾಮೆರಾ ಬಿಟ್ಟುಹೋದ. ಗೌಡರನ್ನು ಅಂಗಳದಲ್ಲಿ ಕೂರಿಸುತ್ತಾರೆ, ಬಿಸಿಲು ಸಾಕು ಎಂಬ ಲೆಕ್ಕ. ಹೋಗುವಾಗ ಅಪ್ಪನಿಗೆ, ಗಿರಿಜಾಳನ್ನು ನಿಲ್ಲಿಸಿ ಒಂದು ತೆಗೆ, ಲವಲವಿಕೆ ಇರಲಿ, ಸಂಜೆ ಮಧ್ಯಸ್ಥ ಬಂದಾಗ ಕೊಟ್ಟು ಕಳಿಸು ಎಂದು ಅಪ್ಪಣೆ ಕೊಟ್ಟ.

ಖುರ್ಚಿ ಇಲ್ಲದ ಸ್ಟುಡಿಯೊ ಮೊದಲ ಸಲ ಒಂದು ಕೋಣೆಯ ಹಾಗೆ ಕಂಡಿತು. ಅಪ್ಪ ವಾಡಿಕೆಯಂತೆ ಒಳಗೆ ಸೇರಿ ಅಗಳಿ ಹಾಕಿಕೊಂಡಿದ್ದ. ಗಿರಿಜತ್ತಿ ಬೇಳೆ ಡಬ್ಬಿಯ ಹಿಂದಿನಿಂದ ಬೆಕ್ಕಿನ ಫೋಟೊ ತಂದು ಅವ್ವನಿಗೆ ತೋರಿಸಿದಳು. ಅವ್ವ ನೋಡಿದಳು, ಗಿರಿಜತ್ತಿಯ ಮುಖ ನೋಡಿದಳು, ನೇರ ಹೋಗಿ ಕತ್ತಲೆ ಕೋಣೆಯ ಬಾಗಿಲು ಬಡಿದಳು. ಪೇಪರು ನೀರಿನಲ್ಲಿದೆ ಎಂಬ ದನಿ ಬಂತು.

“ಇರ್ಲಿ ಬಿಡ್ರಿ, ಹಾಳಾಗಿ ಹೋಗ್ಲಿ. ನಿಮ್ಮ ತಂಗಿ ಜೀವಂತ ಅದಾಳೋ ಇಲ್ಲೋ, ಹೊರಗ ಬಂದು ಹೇಳ್ರಿ.”

ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಬಂದ. ಅಲ್ಲಿಂದ ಮುಂದಿನದನ್ನು ಎಷ್ಟು ಸಲ ನೆನೆದರೂ ನನಗೆ ಸಾಕಾಗಿಲ್ಲ. ಬೆಕ್ಕಿನ ಹಾಗೆ ಒಬ್ಬಳೇ ಜಿಗಿದರೆ ಹುಚ್ಚಿ ಅನ್ನುತ್ತಾರೆ, ಎಲ್ಲರೂ ಜಿಗಿಯೋಣ ಎಂದು ಗಿರಿಜತ್ತಿ ಎದುರಿನ ಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಕರೆದಳು. ಅವರು ಸೀನುತ್ತ, ಕೈ ಒರೆಸಿಕೊಳ್ಳುತ್ತ ಬಂದರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡರು. ಮೊದಲ ಸಲ ಅವ್ವ ಮಾತ್ರ ಹಾರಿದಳು, ಉಳಿದವರು ನಗುತ್ತ ನೆಲದ ಮೇಲೆಯೇ ಉಳಿದರು. ಇನ್ನೊಂದು ಸಲ ನಾನು ಬೇಗ ಹಾರಿ ಬೇಗ ಇಳಿದೆ. ಫ್ಲ್ಯಾಶ್ ಕುಂಯ್ ಎಂದು ತುಂಬಿಕೊಳ್ಳುವವರೆಗೆ ಎಲ್ಲರೂ ಏದುಸಿರು ಬಿಡುತ್ತ ಕಾಯಬೇಕಿತ್ತು. ಅಪ್ಪ ತಾನಾಗಿಯೇ ಕ್ಯಾಮೆರಾ ಕೆಳಗಿಳಿಸಿ, ನೆಲಕ್ಕೆ ಮೊಣಕಾಲೂರಿ ಕುಳಿತ. ಕೆಳಗಿನಿಂದ ತೆಗೆದರೆ ಎತ್ತರ ಕಾಣುತ್ತದೆ ಎಂದ. ಆತನ ಬಾಯಿಂದ ಫೋಟೊದ ಬಗ್ಗೆ ನಾನು ಕೇಳಿದ ಮೊದಲ ಮಾತು ಅದು. ಗಿರಿಜತ್ತಿ ‘ಹೂಂ’ ಎಂದಳು, ನಾವೆಲ್ಲ ಒಟ್ಟಿಗೆ ಜಿಗಿದೆವು, ಕೋಣೆ ಬೆಳ್ಳಗಾಯಿತು. ಆ ಫೋಟೊದ ಒಂದು ಪ್ರತಿ ಈಗಲೂ ನನ್ನ ಹತ್ತಿರ ಇದೆ. ಅವ್ವನ ಸೊಂಟದ ಕೀಲಿಗೊಂಚಲು ಗಲ್ಲದ ತನಕ ಎದ್ದಿದೆ. ತೊಟ್ಟು ಬಿಡಿಸುವವರಲ್ಲಿ ಒಬ್ಬಳು ಗಾಳಿಯಲ್ಲೇ ಸೀನುತ್ತಿದ್ದಾಳೆ. ನನ್ನ ಒಂದು ಕಾಲು ಎಲ್ಲಿದೆಯೋ ತಿಳಿಯುವುದಿಲ್ಲ. ನಡುವೆ ಗಿರಿಜತ್ತಿ, ಜಡೆ ನೆಟ್ಟಗೆ ಮೇಲಕ್ಕೆ, ಬಾಯಿ ಅಗಲಕ್ಕೆ ತೆರೆದು, ಎಲ್ಲ ಹಲ್ಲೂ ಕಾಣುವ ಹಾಗೆ ನಗುತ್ತಿದ್ದಾಳೆ, ಕಣ್ಣು ನೇರವಾಗಿ ನೋಡುವವರ ಮೇಲಿದೆ.

ಸಂಜೆ ಮಧ್ಯಸ್ಥ ಬಂದ. ಅಪ್ಪ ಕಟ್ಟು ಕೊಟ್ಟ. ಅದರಲ್ಲಿದ್ದದ್ದು ಆ ಜಿಗಿಯುವ ಫೋಟೊ ಎಂದು ನಮಗೆ ತಿಳಿದದ್ದು ಮಧ್ಯಸ್ಥ ತಿರುಗಿ ಬಂದಾಗ. ಮುದುಕಿ ಹೇಳಿ ಕಳಿಸಿದ್ದಳಂತೆ, ಲವಲವಿಕೆ ಕೇಳಿದ್ದು ಹೌದು, ಆದರೆ ಇಷ್ಟೊಂದು ಬೇಡ, ಇಂಥವಳನ್ನು ಮನೆಯೊಳಗೆ ಹಿಡಿದಿಡುವವರು ಯಾರು ಎಂದು. ದೊಡ್ಡಪ್ಪ ಅಪ್ಪನ ಎದುರು ನಿಂತು ಗುಡುಗಿದ. ಅಪ್ಪ ನೆಲ ನೋಡುತ್ತ, ಕತ್ತಲ ಕ್ವಾಣ್ಯಾಗ ಸರಿ ಕಾಣಲಿಲ್ಲಣ್ಣಾ ಎಂದ. ಅಷ್ಟಾದರೂ ಹೇಳಿದನಲ್ಲ ಎಂದು ಅವ್ವ ಮೆಚ್ಚಿಕೊಂಡಳು, ನಾನು ಮೆಚ್ಚಲಿಲ್ಲ. ಎದುರಿಗೆ ನಿಂತು ಬೇಡ ಎನ್ನಬಹುದಿತ್ತು. ದೊಡ್ಡಪ್ಪ ಗಿರಿಜತ್ತಿಯ ಜೊತೆ ಮಾತು ಬಿಟ್ಟ. ಅವಳು ಬಡಿಸುತ್ತಿದ್ದರೂ, ಉಪ್ಪು ಬೇಕೆಂದು ನನ್ನ ಕಡೆ ನೋಡಿ ಹೇಳುತ್ತಿದ್ದ. ಆದರೆ ಆ ಫೋಟೊ ಮಧ್ಯಸ್ಥನ ಕೈಯಲ್ಲಿ ಊರೂರು ಸುತ್ತಿತ್ತು. ಹಾವೇರಿಯ ಕಾಲೇಜು ಹುಡುಗಿಯರು, ಬ್ಯಾಂಕಿನವರು ನಮಗೂ ಜಿಗಿಯುವ ಫೋಟೊ ಬೇಕೆಂದು ಬ್ಯಾಡಗಿಗೆ ಬರತೊಡಗಿದರು. ಇದು ನನ್ನ ಹೊಸ ಪದ್ಧತಿ ಎಂದು ಅವರಿಗೆ ಹೇಳಿದವನು ಯಾರು? ದೊಡ್ಡಪ್ಪನೇ. ಜಿಗಿಯುವವರಿಗೂ ಮೊದಲು ಉಸಿರು ಹಿಡೀರಿ ಅನ್ನುತ್ತಿದ್ದ, ಅವರು ಗಲ್ಲ ಉಬ್ಬಿಸಿಕೊಂಡೇ ಜಿಗಿಯುತ್ತಿದ್ದರು. ಕೊನೆಗೆ ಕ್ಯಾಮೆರಾ ಗಿರಿಜತ್ತಿಯ ಕೈಗೆ ಹೋದ ಮೇಲೆಯೇ ಆ ಊರಿನ ಜನ ಫೋಟೊದಲ್ಲಿ ಉಸಿರಾಡಿದ್ದು. ಗಿರಿಜತ್ತಿಗೆ ಮುಂದೆ ಮದುವೆ ಆಯಿತೋ ಇಲ್ಲವೋ ಎಂದೇ ಎಲ್ಲರೂ ಮೊದಲು ಕೇಳುತ್ತಾರೆ, ಅವರಿಗೆ ಬೇರೆ ಚಿಂತೆ ಇಲ್ಲ. ಆಯಿತು. ಹಾವೇರಿಯ ಬ್ಯಾಂಕಿನವರ ಗುಂಪಿನಲ್ಲಿ ಪ್ರತಿ ಸಲವೂ ತಡವಾಗಿ ಜಿಗಿದು, ಎಲ್ಲರೂ ಮೇಲಿರುವಾಗ ತಾನೊಬ್ಬನೇ ನೆಲದ ಮೇಲೆ ಉಳಿಯುತ್ತಿದ್ದ ಗುಮಾಸ್ತನ ಜೊತೆ. ಹಾವೇರಿಯಲ್ಲಿ ತನ್ನದೇ ಸ್ಟುಡಿಯೊ ಹಾಕಿದಳು, ನಾನು ಅಲ್ಲಿಯೇ ಕೆಲಸ ಕಲಿತೆ.

ದೊಡ್ಡಪ್ಪ ಮುದುಕನಾದ ಮೇಲೆ ಒಂದು ದಿನ ಟೆಂಪೊದಲ್ಲಿ ಖುರ್ಚಿ ಹೇರಿಕೊಂಡು ಹಾವೇರಿಗೆ ಬಂದ. ತಾನು ಸತ್ತ ಮೇಲೆ ಗೋಡೆಗೆ ಹಾಕಲು ಒಂದು ಫೋಟೊ ಬೇಕು, ಬೇರೆಯವರ ಮೇಲೆ ಭರವಸೆ ಇಲ್ಲ ಎಂದ. ಖುರ್ಚಿಯಲ್ಲಿ ಕೂತ, ಕೈ ಚಾಚಿದ, ತನ್ನ ಉಸಿರನ್ನು ತಾನೇ ಹಿಡಿದ. ನಾನು ಪಕ್ಕದಲ್ಲಿ ಎರಡನೆಯ ಫ್ಲ್ಯಾಶ್ ಹಿಡಿದು ನಿಂತಿದ್ದೆ. ಗಿರಿಜತ್ತಿ ಕ್ಯಾಮೆರಾದಿಂದ ಕಣ್ಣು ತೆಗೆಯದೆ ಹೇಳಿದಳು:

“ಅಣ್ಣಾ, ರಾಣೆಬೆನ್ನೂರಾಗ ಸ್ಟೂಲ್ ಹತ್ತಿ ನನ್ನ ಹಾರ ತಗದಿ ನೋಡು, ಕೆಳಗ ಬಿದ್ದಿದ್ರ ಅವರು ನಿನಗೂ ಒಂದು ಹಾಕಿರತಿದ್ರು.”

ಎಷ್ಟೋ ವರ್ಷ ಆ ದಿನದ ಸುದ್ದಿ ಎತ್ತದಿದ್ದ ಮನುಷ್ಯ. ಗಲ್ಲ ಉಬ್ಬಿತು, ಹೊಟ್ಟೆ ಕುಲುಕಿತು, ಹಿಡಿದ ಉಸಿರು ಒಮ್ಮೆಲೇ ಒಡೆಯಿತು. ಉಳಿದಿದ್ದ ಹಲ್ಲುಗಳನ್ನೆಲ್ಲ ತೋರಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಫ್ಲ್ಯಾಶ್ ಹೊಡೆಯಿತು. ಗಿರಿಜತ್ತಿಯೂ ನಕ್ಕಳು. ನನಗೆ ನಗು ಬರಲಿಲ್ಲ. ಕೌದಿಯ ಮೇಲೆ ಕೌದಿ ಹೊದ್ದು ಮಲಗಿದ್ದ ಹುಡುಗಿಯನ್ನು ನೋಡಿದವಳು ನಾನು.

ಆತ ತೀರಿದಾಗ ಅದೇ ಖುರ್ಚಿಯಲ್ಲಿ ಕೂರಿಸಿದರು. ಹಲ್ಲು ಕಾಣುವ ಫೋಟೊ ಗೋಡೆಗೆ ಹಾಕುವುದು ಸರಿಯಲ್ಲ ಎಂದು ನೆಂಟರೆಲ್ಲ ಗೊಣಗಿದರು. ಗಿರಿಜತ್ತಿ ಯಾರ ಮಾತನ್ನೂ ಕೇಳದೆ ಅದಕ್ಕೇ ಕಟ್ಟು ಹಾಕಿಸಿದಳು. ಬ್ಯಾಡಗಿಯ ಮನೆಯ ಗೂಟದಿಂದ ಆ ಗಂಧದ ಹಾರ ಇಳಿಸಿ ತಂದು, ಧೂಳು ಜಾಡಿಸಿ, ತಾನೇ ಹಾಕಿದಳು. ಈಗ ಅವಳ ಮನೆಗೆ ಹೊಸಬರು ಯಾರೇ ಬಂದರೂ ಆ ಫೋಟೊದ ಮುಂದೆ ನಿಲ್ಲುತ್ತಾರೆ. ಇಷ್ಟು ಚಂದ ನಗುವ ಮನುಷ್ಯನಿಗೆ ಯಾರೋ ತಪ್ಪಿ ಹಾರ ಹಾಕಿದ್ದಾರೆ ಎಂದುಕೊಂಡು, ಇದನ್ನು ತೆಗೆಯಿರಿ ಎನ್ನುತ್ತಾರೆ. ಗಿರಿಜತ್ತಿ ಕೈಯಲ್ಲಿದ್ದ ಕೆಲಸ ಬಿಡುವುದಿಲ್ಲ.

“ಒಂದ್ಸಲ ತಗದಾರ್ರಿ ಅದನ್ನ,” ಎನ್ನುತ್ತಾಳೆ. “ಈಗ ಅಲ್ಲೇ ಇರ್ಲಿ.”